ಹಿಮಕ್ಕೆ ಇಳಿದ ತೆಂಗಿನೆಣ್ಣೆ

ಜನವರಿ ಬಂತೆಂದರೆ ಮಾಹೂಝಿನ ನಮ್ಮ ಫ್ಲ್ಯಾಟಿನಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ. ಬಹರೈನಿನಲ್ಲೂ ಚಳಿ ಉಂಟೇ ಎಂದು ಊರಿನವರು ನಗುತ್ತಾರೆ, ನಗಲಿ. ಇವತ್ತು ಬೆಳಿಗ್ಗೆ ಬಾಟಲಿಯನ್ನು ತಲೆಕೆಳಗು ಮಾಡಿ ಕುಟ್ಟಿದೆ, ಒಂದು ಹನಿ ಬೀಳಲಿಲ್ಲ. "ಬಾಲ್ಕನಿಯಲ್ಲಿ ಬಿಸಿಲಿಗೆ ಇಡಿ" ಎಂದಳು ಹೆಂಡತಿ. ಎಣ್ಣೆ ಬೇಡುವಷ್ಟು ಕೂದಲು ನನ್ನ ತಲೆಯಲ್ಲಿ ಉಳಿದಿಲ್ಲ, ಆ ಮಾತು ಬೇರೆ. ಆ ಬಿಳಿ ಗಟ್ಟಿಯನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಗಲ್ಫ್ ಪ್ರಾದೇಶಿಕ ಸ್ಕೀ ತಂಡ. ನೀವು ನಗುವ ಮೊದಲೇ ಹೇಳಿಬಿಡುತ್ತೇನೆ, ನಾನು ಅದರ ಮ್ಯಾನೇಜರ್ ಆಗಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಮೀನಾ ಸಲ್ಮಾನ್ ಬಂದರಿನಲ್ಲಿ ಹಡಗಿನ ಇಂಜಿನ್ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ನಾನು ಗುಮಾಸ್ತ. ಅಲ್ಲಿಗೆ ನಾರ್ವೆಯಿಂದ ಓಲಾವ್ ಎಂಬ ಇಂಜಿನಿಯರ್ ಸಾಹೇಬರು ಬಂದರು. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು, ಎರಡು ಕೋಲು ಊರುತ್ತ, ಹಿಮದ ಮೇಲೆ ಮೈಲುಗಟ್ಟಲೆ ಜಾರಿಕೊಂಡು ಓಡುವುದು ಅವರ ಊರಿನ ಆಟ. ಪರದೇಶಕ್ಕೆ ಬಂದವನಿಗೆ ಏನಾದರೊಂದು ಹುಚ್ಚು ಬೇಕು. ನಮ್ಮವರು ಯಕ್ಷಗಾನದ ಸಂಘ ಕಟ್ಟಿಕೊಂಡರು, ಸಾಹೇಬರು ಸ್ಕೀ ತಂಡ ಕಟ್ಟಿದರು. ಕುವೈತಿಗೂ ದುಬೈಗೂ ಸುದ್ದಿ ಕಳಿಸಿದರು, ಯಾರೂ ಓಗೊಡಲಿಲ್ಲ. ಹಾಗಾಗಿ ನಮ್ಮ ಪ್ರದೇಶ ಮೀನಾ ಸಲ್ಮಾನಿನಿಂದ ಈಸಾ ಟೌನಿನವರೆಗೆ ಮಾತ್ರ ಹಬ್ಬಿತ್ತು. ಈಸಾ ಟೌನ್ ಸೇರಿದ್ದು ಕೂಡ ಅಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ ಉಳ್ಳಾಲದ ಹಸನಬ್ಬ ತಂಡಕ್ಕೆ ಬಂದದ್ದರಿಂದ.

ಶುಕ್ರವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಗೋದಾಮುಗಳ ನಡುವಿನ ಖಾಲಿ ರಸ್ತೆಯಲ್ಲಿ ಅಭ್ಯಾಸ. ಹಲಗೆಗೆ ಟ್ರಾಲಿಯ ಚಕ್ರ ಜೋಡಿಸಿ ವರ್ಕ್‌ಶಾಪಿನಲ್ಲೇ ಸ್ಕೀ ಮಾಡಿಕೊಂಡಿದ್ದೆವು. ಒಮ್ಮೆ ಪೊಲೀಸಿನವನೊಬ್ಬ ಜೀಪು ನಿಲ್ಲಿಸಿ ಇದೇನೆಂದು ಕೇಳಿದ. ಹಿಮದ ಮೇಲೆ ಓಡಲಿಕ್ಕೆ ತಯಾರಿ ಎಂದು ಹಸನಬ್ಬ ಅರಬಿಯಲ್ಲಿ ಗಂಭೀರವಾಗಿ ವಿವರಿಸಿದ. ಆ ಪುಣ್ಯಾತ್ಮ ಒಮ್ಮೆ ಆಕಾಶ ನೋಡಿದ, ಒಮ್ಮೆ ನಮ್ಮನ್ನು ನೋಡಿದ, ನೀರಿನ ಬಾಟಲಿ ಕೊಟ್ಟು ಹೊರಟುಹೋದ. ಚಳಿ ಅಭ್ಯಾಸವಾಗಲೆಂದು ಸಾಹೇಬರು ನಮ್ಮನ್ನು ಬಂದರಿನಲ್ಲಿ ಮಾಂಸ ಇಡುವ ಶೀತಲ ಕೋಣೆಗೂ ಕರೆದೊಯ್ಯುತ್ತಿದ್ದರು. ತೂಗುಹಾಕಿದ ಕುರಿಗಳ ನಡುವೆ ನಾವೂ ಹಲ್ಲು ಕಡಿಯುತ್ತ ನಿಲ್ಲುತ್ತಿದ್ದೆವು.

ಇದನ್ನೆಲ್ಲ ತಮಾಷೆ ಎಂದು ತಿಳಿಯದಿದ್ದವರು ಇಬ್ಬರೇ. ಒಬ್ಬರು ಸಾಹೇಬರು, ಇನ್ನೊಬ್ಬ ಕಾರ್ಕಳದ ಕಡೆಯ ಫಿಟ್ಟರ್ ವಾಸು ಪೂಜಾರಿ. ವಾಸಣ್ಣ ಊರಿನಲ್ಲಿ ಕಂಬಳದ ಕೋಣ ಓಡಿಸಿದವನು. ಕೆಸರಿನಲ್ಲಿ ಓಡಿದ ಕಾಲು, ಚಕ್ರದ ಮೇಲೂ ನಮ್ಮೆಲ್ಲರನ್ನು ಹಿಂದೆ ಹಾಕುತ್ತಿತ್ತು. ಯಾಕಪ್ಪ ಇಷ್ಟು ಹಟ ಎಂದು ಒಮ್ಮೆ ಕೇಳಿದೆ.

"ಗೆದ್ದದ್ದು ಎಷ್ಟೋ ಸಲ ಉಂಟು ಮಾರಾಯ್ರೆ" ಎಂದ. "ಮೈಕಿನಲ್ಲಿ ಏನು ಹೇಳ್ತಾರೆ? ಕೋಣದ ಯಜಮಾನರ ಮನೆಯ ಹೆಸರು. ಹಿಂದೆ ಓಡಿದವನ ಹೆಸರು ಯಾರಿಗೂ ಬೇಡ. ಒಂದು ಸಲ ನನ್ನ ಹೆಸರು ಮೈಕಿನಲ್ಲಿ ಕೇಳ್ಬೇಕು. ಅಷ್ಟೇ."

ಸೈಪ್ರಸ್ಸಿನ ಬೆಟ್ಟದಲ್ಲಿ ಒಂದು ಸಣ್ಣ ಪಂದ್ಯ ಇದೆಯೆಂದು ಸಾಹೇಬರು ಪತ್ತೆ ಹಚ್ಚಿದರು. ಕಂಪನಿ ಒಬ್ಬ ಓಟಗಾರನನ್ನು ಕಳಿಸಲು ಒಪ್ಪಿತು, ಎದೆಯ ಮೇಲೆ ಕಂಪನಿಯ ಹೆಸರು ಇರಬೇಕೆಂಬ ಷರತ್ತಿನ ಮೇಲೆ. ಇಂಗ್ಲಿಷ್ ಬರುತ್ತದೆಂದು ನಾನು ಮ್ಯಾನೇಜರ್ ಆದೆ. ಕೆಲಸ ಥರ್ಮಾಸ್ ಹೊರುವುದು. ಅಂಗಿ ಕೈಗೆ ಬಂದಾಗ ವಾಸಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇಲ್ಲಿಗೂ ಯಜಮಾನರ ಮನೆ ಬಂತು" ಎಂದು ಮಡಚಿಟ್ಟ.

ಪಂದ್ಯದ ಬೆಳಿಗ್ಗೆ ವಾಸಣ್ಣ ಲಾಡ್ಜಿನ ಕೋಣೆಯಲ್ಲಿ ಸಾಹೇಬರು ನಾರ್ವೆಯಿಂದ ತರಿಸಿದ್ದ, ಚಕ್ರವಿಲ್ಲದ ಎರಡು ಸ್ಕೀಗಳನ್ನೂ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕೂತಿದ್ದ. ಚಳಿಗೆ ಹಿಮ್ಮಡಿ ಒಡೆದರೆ ಇರಲಿ ಎಂದು ಹಸನಬ್ಬ ಕೊಟ್ಟು ಕಳಿಸಿದ್ದ ತೆಂಗಿನೆಣ್ಣೆಯ ಬಾಟಲಿ ಪಕ್ಕದಲ್ಲಿತ್ತು. ಸಾಹೇಬರು ಹಿಂದಿನ ದಿನವೇ ಸ್ಕೀಗಳ ಅಡಿಗೆ ಜಾರಲೆಂದು ಅದೇನೋ ಮೇಣ ಬಳಿದು ಹೋಗಿದ್ದರು. ವಾಸಣ್ಣ ಅದರ ಮೇಲೆ ಕೋಣದ ಬೆನ್ನು ನೀವಿದಂತೆ ಎಣ್ಣೆ ನೀವುತ್ತಿದ್ದ.

"ಎಣ್ಣೆ ಹಾಕದೆ ಕೋಣವನ್ನು ಗದ್ದೆಗೆ ಇಳಿಸಿದವರು ಉಂಟಾ?" ಎಂದು ನನ್ನನ್ನೇ ಕೇಳಿದ.

ನನಗೂ ನ್ಯಾಯವೆಂದೇ ಕಂಡಿತು. ಚಳಿಗೆ ಎಣ್ಣೆ ಕಲ್ಲಾಗುತ್ತದೆಂದು ತಿಳಿಯದ ಕರಾವಳಿಯವನು ಹುಟ್ಟಿಲ್ಲ. ನಮ್ಮ ಬಾಟಲಿಯೇ ಕಲ್ಲಾಗಿತ್ತು, ಹೀಟರಿನ ಪಕ್ಕ ಇಟ್ಟು ಕರಗಿಸಿಯೇ ಹಚ್ಚಿದ್ದು. ಬಾಗಿಲು ದಾಟಿದರೆ ಮತ್ತೆ ಏನಾದೀತೆಂದು ಇಬ್ಬರಿಗೂ ಹೊಳೆಯಲಿಲ್ಲ. ಭಕ್ತಿಗೆ ಭೌತಶಾಸ್ತ್ರ ಗೊತ್ತಿರುವುದಿಲ್ಲ ನೋಡಿ.

ಶುರುವಿನ ಪಿಸ್ತೂಲು ಸಿಡಿಯಿತು. ಉಳಿದವರು ಜಾರಿಕೊಂಡು ಹೋದರು. ವಾಸಣ್ಣ ಒಂದು ಹೆಜ್ಜೆ ಎತ್ತಿದ, ಜೊತೆಗೆ ಒಂದು ಬುಟ್ಟಿ ಹಿಮವೂ ಎದ್ದಿತು. ಅಡಿಯ ಎಣ್ಣೆ ಕಲ್ಲಾಗಿ ಹಿಮ ಕಚ್ಚಿಕೊಂಡಿತ್ತು, ಸ್ಕೀ ಜಾರಲೇ ಇಲ್ಲ. ಅವನು ಜಾರುವ ಆಸೆ ಬಿಟ್ಟು, ಕೆಸರಿನಲ್ಲಿ ಓಡುವವನ ಹಾಗೆ ಕಾಲು ಕಿತ್ತು ಕಿತ್ತು ಇಟ್ಟು ಓಡಿದ. "ಸಾಕು, ಹೊರಗೆ ಬಾ" ಎಂದು ಸಾಹೇಬರು ಕೂಗಿದರು. ವಾಸಣ್ಣ ತಿರುಗಿ ನೋಡಲಿಲ್ಲ.

ಮುಂದಿನವರೆಲ್ಲ ಗುಂಪುಗುಂಪಾಗಿ ಬಂದು ಮುಟ್ಟಿದರು. ಮೈಕಿನವನು ಉಸಿರಾಡಲು ಪುರುಸೊತ್ತಿಲ್ಲದೆ ಬರೀ ನಂಬರು, ಬರೀ ದೇಶ ಹೇಳುತ್ತ ಹೋದ. ಗೆದ್ದವನ ಹೆಸರೂ ಗದ್ದಲದಲ್ಲಿ ಮುಳುಗಿತು. ಆಮೇಲೆ ಅವನು ವಯರು ಸುತ್ತತೊಡಗಿದ. ನಾನು ಹೋಗಿ, ಇನ್ನೊಬ್ಬ ಬರುವುದಿದೆ, ದಯಮಾಡಿ ನಿಲ್ಲಿ ಎಂದು ಬೇಡಿದೆ. ಅವನು ಬೇಸರದಿಂದ ದಾರಿಯತ್ತ ನೋಡಿದ. ದೂರದಲ್ಲಿ ವಾಸಣ್ಣ ಬರುತ್ತಿದ್ದ, ಬೀಳುತ್ತಿದ್ದ, ಏಳುತ್ತಿದ್ದ. ನೋಡುತ್ತ ನೋಡುತ್ತ ಆ ಮನುಷ್ಯನ ಬೇಸರ ಇಳಿಯಿತು. ವಯರನ್ನು ಮತ್ತೆ ಜೋಡಿಸಿ, ಹೆಸರು ಹೇಗೆ ಹೇಳಬೇಕೆಂದು ಕೇಳಿದ. ನಿಧಾನವಾಗಿ ಹೇಳಿಕೊಟ್ಟೆ. ಎದೆಯ ಮೇಲೆ ಬರೆದದ್ದು ಏನು ಎಂದ. ಅದು ಏನೂ ಅಲ್ಲ ಎಂದೆ. ಮ್ಯಾನೇಜರಾಗಿ ನಾನು ಮಾಡಿದ ಒಂದೇ ಕೆಲಸ ಅದು.

"ವಾಸು ಪೂಜಾರಿ" ಎಂದು ಬೆಟ್ಟ ತುಂಬುವ ಹಾಗೆ ಹೇಳಿದ ಅವನು. ಚಹಾ ಕುಡಿಯುತ್ತಿದ್ದವರೂ ಎದ್ದು ಚಪ್ಪಾಳೆ ತಟ್ಟಿದರು.

ಗೆರೆ ದಾಟಿ ಬಂದ ವಾಸಣ್ಣ ಏದುಸಿರಿನಲ್ಲೇ ಕೇಳಿದ. "ಹೇಳಿದ್ದು ನನ್ನ ಹೆಸರೇ ಅಲ್ವಾ?"

"ಹೌದು."

"ಯಜಮಾನರದ್ದು?"

"ಹೇಳ್ಲಿಲ್ಲ."

ಅವನು ಹಿಮದಲ್ಲೇ ಕುಳಿತು ಮೊಣಕಾಲಿಗೆ ಮುಖ ಒತ್ತಿಕೊಂಡ. ನಾನು ಥರ್ಮಾಸಿನ ಮುಚ್ಚಳ ತಿರುಗಿಸತೊಡಗಿದೆ. ಅಷ್ಟರಲ್ಲಿ ಸಾಹೇಬರು ಸ್ಕೀ ಎತ್ತಿ ಅಡಿಯನ್ನು ಉಗುರಿನಿಂದ ಕೆರೆದು ಮೂಸಿದರು. "ಇದೇನು, ತೆಂಗಿನಕಾಯಿ ಬಿಸ್ಕತ್ತಾ?" ಎಂದರು. ನಮ್ಮ ಕಡೆಯ ಪದ್ಧತಿ ಎಂದೆ.

ಆಮೇಲೆ ಕಂಪನಿ ಕೈಯೆತ್ತಿತು, ಸಾಹೇಬರಿಗೆ ಬೇರೆ ಬಂದರಿಗೆ ವರ್ಗವಾಯಿತು. ಆ ಸ್ಕೀಗಳು ನಾವು ಕೆಲಸಗಾರರು ಇದ್ದ ಕ್ಯಾಂಪಿನ ಅಡುಗೆಮನೆಯಲ್ಲಿ ಮಸಾಲೆ ಡಬ್ಬಿ ಇಡುವ ಅಟ್ಟವಾದವು. ನಾನಂತೂ ಈ ಕಥೆಯನ್ನು ಊರಿನವರ ಕೂಟಗಳಲ್ಲಿ ಹೇಳಿ ಹೇಳಿ ನಗಿಸಿದ್ದೇನೆ.

ಇವತ್ತು ಬಾಟಲಿಯನ್ನು ಬಿಸಿಲಿಗೆ ಇಟ್ಟು, ಏನೋ ತೋಚಿ, ಊರಿನಲ್ಲಿರುವ ವಾಸಣ್ಣನಿಗೆ ಫೋನ್ ಮಾಡಿದೆ. ಮೊನ್ನೆ ಕಂಬಳ ನೋಡಿ ಬಂದನಂತೆ.

"ಈಗ ಓಡಿಸಿದವನ ಹೆಸರೂ ಮೈಕಿನಲ್ಲಿ ಹೇಳ್ತಾರೆ, ಗೊತ್ತುಂಟಾ?" ಎಂದ.

"ಒಳ್ಳೇದಾಯ್ತಲ್ಲ ವಾಸಣ್ಣ."

"ಒಳ್ಳೇದೇ. ಆದ್ರೆ ಗೆದ್ದವನದ್ದು ಮಾತ್ರ. ಕೊನೆಯವನು ಬರುವವರೆಗೆ ಯಾರು ನಿಲ್ತಾರೆ ಮಾರಾಯ್ರೆ?"

ಈ ಕಥೆಗೆ ಇಷ್ಟು ವರ್ಷ ನಾನೂ ನಕ್ಕಿದ್ದೆ, ಇವತ್ತು ನಗು ಬರಲಿಲ್ಲ. ಫೋನಿಟ್ಟು ಬಾಲ್ಕನಿಗೆ ಹೋದೆ. ಎಣ್ಣೆ ಅಂಚಿನಲ್ಲಿ ಕರಗಿತ್ತು, ನಡುವೆ ಇನ್ನೂ ಒಂದು ಬಿಳಿ ಗಡ್ಡೆ ತೇಲುತ್ತಿತ್ತು. ಒಳಗಿನಿಂದ ಹೆಂಡತಿ, ಕರಗಿದಷ್ಟೇ ತನ್ನಿ ಎಂದು ಕೂಗಿದಳು. ನಾನು ಕುರ್ಚಿ ಎಳೆದುಕೊಂಡು, ಆ ಕೊನೆಯ ಗಡ್ಡೆ ಕರಗುವವರೆಗೆ ಅಲ್ಲೇ ಕುಳಿತೆ.