ಮೈಕಿನಲ್ಲಿ ಬಾರದ ಹೆಸರು

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಸಭೆ ಇತ್ತು. ವಿಷಯ, ಎಂದಿನಂತೆ, ನೀರಿನ ಟ್ಯಾಂಕರು. ಕಾರ್ಯದರ್ಶಿಗಳು ಮೈಕಿನ ತಲೆಗೆ ಬೆರಳಿನಿಂದ ಟಕ್ ಟಕ್ ಎಂದು ಬಡಿದು ಒಮ್ಮೆ ಕೆಮ್ಮಿದರು. ನಾನು ಕೈಯಲ್ಲಿದ್ದ ಬೋಂಡವನ್ನು ತಟ್ಟೆಗೆ ಹಾಕಿ ಪಕ್ಕದವರನ್ನು ಕೇಳಿದೆ: "ಯಾರು?"

"ಯಾರು ಅಂದ್ರೆ?" ಎಂದರು ಅವರು.

ಸುತ್ತಲಿನವರು ತಿನ್ನುತ್ತಲೇ ಇದ್ದರು. ಜೆ.ಪಿ. ನಗರದಲ್ಲಿ ಮೈಕು ಟಕ್ ಅಂದರೆ ಯಾರೂ ಸತ್ತಿರುವುದಿಲ್ಲ. ನನಗೆ ಅದಿನ್ನೂ ಅಭ್ಯಾಸವಾಗಿಲ್ಲ.

ಇಲ್ಲಿಗೆ ಬರುವ ಮುಂಚೆ ನಾವು ಬಿಟಿಎಂ ಲೇಔಟಿನ ಅಂಚಿನ ಒಂದು ಗಲ್ಲಿಯಲ್ಲಿ, ಮಸೀದಿಯ ಹಿಂದಿನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಎಷ್ಟು ವರ್ಷ ಎಂದು ಕೇಳಬೇಡಿ. ನಾನು ಆರು ಎನ್ನುತ್ತೇನೆ, ಹೆಂಡತಿ ನಾಲ್ಕು ಎನ್ನುತ್ತಾಳೆ. ಆ ಗಲ್ಲಿಯಲ್ಲಿ ಅಜಾನಿನ ಹೊತ್ತಲ್ಲದ ಹೊತ್ತಿನಲ್ಲಿ ಮೈಕು ಟಕ್ ಟಕ್ ಅಂದು ಒಂದು ಕೆಮ್ಮು ಕೇಳಿಸಿದರೆ ಯಾರೋ ಹೋಗಿದ್ದಾರೆ ಎಂದೇ ಅರ್ಥ. ಹೊಲಿಗೆ ಮಿಷನ್ನುಗಳು ನಿಲ್ಲುತ್ತಿದ್ದವು. ಕೋಳಿ ಅಂಗಡಿಯವನು ಕತ್ತಿ ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಿದ್ದ. ಯಾರು, ಯಾವ ಮನೆ, ಮಣ್ಣು ಮಾಡುವುದು ಎಷ್ಟು ಹೊತ್ತಿಗೆ, ಇಷ್ಟು ಹೇಳಿ ಮೈಕು ಸುಮ್ಮನಾಗುತ್ತಿತ್ತು. ಎಲ್ಲರಂತೆ ನಾನೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ, ಸತ್ತವರು ನನಗೆ ಗೊತ್ತಿರುವವರೋ ಏನೋ ಎನ್ನುವ ಮುಖ ಮಾಡಿಕೊಂಡು.

ಕೆಳಗಿನ ಮನೆಯಲ್ಲಿ ನಮ್ಮ ಓನರ್ ಮುಮ್ತಾಜ್ ಆಂಟಿ. ಬ್ಲೌಸು ಹೊಲಿಯುತ್ತಿದ್ದರು. ನಮಗೆ ಆಂಟಿ, ಗಲ್ಲಿಗೆಲ್ಲ ಖಾಲಾ. ಅವರೂ ಇನ್ನು ನಾಲ್ಕು ಹೆಂಗಸರೂ ಸೇರಿಕೊಂಡು ಬಸುರಿಯರನ್ನು ಹುಡುಕಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ತಪಾಸಣೆಯ ತಾಯಿ ಕಾರ್ಡ್ ಮಾಡಿಸುವ ಕೆಲಸ ಹಚ್ಚಿಕೊಂಡಿದ್ದರು. ಬೇರೆಯವರು ಊಟ ಆಯ್ತಾ ಎಂದು ಕೇಳುವ ಜಾಗದಲ್ಲಿ ಆಂಟಿ "ತಾಯಿ ಕಾರ್ಡ್ ಆಯ್ತಾ?" ಎಂದು ಕೇಳುತ್ತಿದ್ದರು. ಹೊಸದಾಗಿ ಮದುವೆಯಾದ ಹುಡುಗಿಯರು ಅವರನ್ನು ಕಂಡರೆ ಕ್ರಾಸ್ ಬದಲಿಸುತ್ತಿದ್ದರು. ಐದು ತಿಂಗಳು ತುಂಬುವವರೆಗೆ ಸುದ್ದಿ ಹೊರಗೆ ಬಿಡಬಾರದು, ದೃಷ್ಟಿಯಾಗುತ್ತದೆ ಎಂದು ಅತ್ತೆಯರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅತ್ತೆಯರನ್ನು ಬೈಯುವಷ್ಟು ಯೋಗ್ಯತೆ ನನಗಿಲ್ಲ. ನಮ್ಮ ಮನೆಯಲ್ಲೂ ಹಾಗೇ ಮುಚ್ಚಿಟ್ಟಿದ್ದೆವು.

ಬಾಗಿಲು ತೆರೆಯದಿದ್ದರೆ ಮೈಕು ಇದೆಯಲ್ಲ ಎಂದು ಆಂಟಿಗೆ ಹೊಳೆಯಿತು. ಅರ್ಜಿ ಬರೆಯಲು ನನ್ನನ್ನೂ ಕರೆದುಕೊಂಡು ಮಸೀದಿ ಕಮಿಟಿಯ ಅಧ್ಯಕ್ಷರ ಬಳಿ ಹೋದರು.

"ಮೈಕು ಅಜಾನ್‌ಗೆ, ಸಾವಿಗೆ, ಕಳೆದುಹೋದ ಮಕ್ಕಳಿಗೆ," ಎಂದರು ಅಧ್ಯಕ್ಷರು. "ಹೆಂಗಸರ ವಿಷಯ ಮೈಕಲ್ಲಿ ಹೇಳೋಕಾಗುತ್ತಾ ಖಾಲಾ? ಮರ್ಯಾದೆ ಬೇಡ್ವಾ?"

"ಹೆಂಗಸು ಸತ್ರೆ ಹೇಳ್ತೀರಲ್ಲ, ಆವಾಗ ಮರ್ಯಾದೆ ಎಲ್ಲೋಗುತ್ತೆ?"

"ಅದು ಬೇರೆ."

"ಬೇರೆ ಅಲ್ಲ. ಮೊದ್ಲು ಹೇಳಿದ್ರೆ ಆಮೇಲೆ ಹೇಳೋದು ತಪ್ಪುತ್ತೆ."

ಆಮೇಲೆ ಆಂಟಿ ಫೋನು ತೆಗೆದು ಒಂದು ವಿಡಿಯೋ ತೋರಿಸಿದರು. ಯಾವುದೋ ಆಫ್ರಿಕಾ ದೇಶದ ಮೌಲ್ವಿಯೊಬ್ಬರು ಶುಕ್ರವಾರದ ಪ್ರವಚನದಲ್ಲಿ ಬಸುರಿಯರ ರಕ್ತಹೀನತೆಯ ಬಗ್ಗೆ ಮಾತಾಡುತ್ತಿದ್ದರು. ಎದುರಿಗೆ ಸಾಲು ಸಾಲು ಗಂಡಸರು ಕೂತು ಕೇಳುತ್ತಿದ್ದರು. ಅಧ್ಯಕ್ಷರು ಪೂರ್ತಿ ನೋಡಿ, "ಅದು ಅವರ ದೇಶ," ಎಂದರು.

"ಅಲ್ಲಿಗೊಬ್ಬ ಅಲ್ಲಾ, ನಮ್ಮ ಗಲ್ಲಿಗೊಬ್ಬ ಅಲ್ಲಾ ಇದಾನಾ?"

ಅಧ್ಯಕ್ಷರು ನಕ್ಕುಬಿಟ್ಟರು. ಒಂದೇ ಒಂದು ಸಲ ಎಂದರು. ಹೆಸರು ಯಾರದ್ದೂ ಬೇಡ. ಕನ್ನಡದಲ್ಲೂ ಹೇಳಿ, ಆ ಕಡೆ ಬೀದಿಯವರಿಗೂ ಉಪಯೋಗ ಆಗಲಿ.

ವಾಪಸು ಬರುವಾಗ ಆಂಟಿ, ನನ್ನ ಕಡೆ ನೋಡದೆ, ತಂಗಿಯ ವಿಷಯ ಹೇಳಿದರು. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ಎಲ್ಲಿಗೆ ಕರೆದುಕೊಂಡು ಹೋಗಬೇಕು ಎಂದು ಮನೆಯವರು ಮಾತಾಡಿ ಮುಗಿಸುವಷ್ಟರಲ್ಲಿ ಹೊತ್ತು ಮೀರಿತ್ತು. "ಇದೇ ಮೈಕಲ್ಲಿ ಏನಂದ್ರು ಗೊತ್ತಾ ಸಾರ್? ಬಶೀರ್ ಸಾಹೇಬರ ಮನೆಯವರು ತೀರಿಕೊಂಡಿದ್ದಾರೆ. ಅಷ್ಟೇ. ಗಂಡನ ಹೆಸ್ರಿದೆ, ಅವಳ ಹೆಸ್ರೇ ಇಲ್ಲ." ಹೆಸರನ್ನು ಅವರೇ ಹೇಳಿದರು. ನಾನು ತಲೆಯಾಡಿಸಿದೆ.

ಆಗ ನಾನು ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಕನ್ನಡ ನನ್ನ ಕೈಯಲ್ಲಿ ಕ್ಷೇಮವಾಗಿದೆ ಎಂಬ ನಂಬಿಕೆ ಇತ್ತು. "ಗರ್ಭಿಣಿಯರು ಬುಧವಾರದಂದು ಆರೋಗ್ಯ ಕೇಂದ್ರಕ್ಕೆ ತಪ್ಪದೆ ಹಾಜರಾಗತಕ್ಕದ್ದು" ಎಂದು ಬರೆದೆ. ಅಜಾನ್ ಕೂಗುವ ಹಜರತರು ಬಿಹಾರದ ಕಡೆಯವರು, ಕನ್ನಡ ಓದಲು ಬಾರದು. ನಾನು ಹೇಳಿದ್ದನ್ನು ಉರ್ದು ಲಿಪಿಯಲ್ಲಿ ಬರೆದುಕೊಂಡರು. ನನ್ನ ಕನ್ನಡ ಅಂದು ಬಲದಿಂದ ಎಡಕ್ಕೆ ಹರಿಯಿತು.

ಮಂಗಳವಾರ ಸಂಜೆ ಟಕ್ ಟಕ್, ಕೆಮ್ಮು. ಹಜರತರಿಗೆ ಪ್ರಕಟಣೆಗೆಂದು ಗೊತ್ತಿದ್ದುದು ಒಂದೇ ರಾಗ. ಅದೇ ರಾಗದಲ್ಲಿ ಶುರುಮಾಡಿದರು. ಮಿಷನ್ನುಗಳು ನಿಂತವು. ಮೂವರು ಟೋಪಿ ಹಾಕಿಕೊಂಡು ಮಸೀದಿ ಬಾಗಿಲಿಗೇ ಬಂದು, "ಯಾರು? ಮಣ್ಣು ಎಷ್ಟೊತ್ತಿಗೆ?" ಎಂದು ಕೇಳಿದರು. ಆ ಕಡೆ ಬೀದಿಯ ಹೂವಿನವಳು "ಹಾಜರಾಗತಕ್ಕದ್ದು" ಕೇಳಿ, "ಕೋರ್ಟಿಂದ ಏನೋ ಬಂದೈತಂತೆ," ಎಂದಳು. ಇದನ್ನೆಲ್ಲ ನಾನು ಕಿಟಕಿಯಿಂದ ನೋಡಿದೆ ಎಂದು ನೆನಪು ಹೇಳುತ್ತದೆ. ಆದರೆ ಆ ಹೊತ್ತಿಗೆ ನಾನು ಪ್ರೆಸ್ಸಿನಲ್ಲಿರಬೇಕಿತ್ತು. ಬಹುಶಃ ಆಂಟಿ ಹೇಳಿದ್ದಕ್ಕೆ ನಾನು ಕಿಟಕಿಯೊಂದನ್ನು ಕೂಡಿಸಿಕೊಂಡಿದ್ದೇನೆ.

ಬುಧವಾರ ಆರೋಗ್ಯ ಕೇಂದ್ರಕ್ಕೆ ಒಬ್ಬರೂ ಬರಲಿಲ್ಲ. ಅಧ್ಯಕ್ಷರು ಆಂಟಿಯ ಮನೆ ಬಾಗಿಲಿಗೇ ಬಂದರು. ನಾನೂ ಅಲ್ಲೇ ಇದ್ದೆ. "ಜನ ಹೆದರಿಬಿಟ್ರು ಖಾಲಾ. ಇಲ್ಲಿಗೆ ಮುಗೀತು." ಮೈಕು ಹೋದರೆ ಆಂಟಿಗೆ ಉಳಿಯುವುದು ಮತ್ತೆ ಅದೇ ಮುಚ್ಚಿದ ಬಾಗಿಲುಗಳು.

"ಹೆದರ್ಲಿ ಬಿಡಿ," ಎಂದರು ಆಂಟಿ. "ಆ ಟಕ್ ಕೇಳಿದ್ರೆ ಇಡೀ ಗಲ್ಲಿ ಬಾಗಿಲಿಗೆ ಬರುತ್ತೆ. ಇನ್ಯಾವ ಮಾತಿಗೆ ಬರುತ್ತೆ ಹೇಳಿ? ಬಂದವರಿಗೆ ನಾವು ಹೇಳಿದ್ದು ಸರಿಯಿಲ್ಲ. ತಪ್ಪು ಸಾರ್‌ದು." ನನ್ನ ಕಡೆ ತಿರುಗಿದರು. "ನಿಮ್ಮ ಕನ್ನಡಕ್ಕೆ ಟೈ ಯಾಕೆ ಕಟ್ಟಿದ್ರಿ ಸಾರ್?"

ಇನ್ನೊಂದು ಸಲಕ್ಕೆ ಅಧ್ಯಕ್ಷರು ಒಪ್ಪಿದರು. ಈ ಬಾರಿ ಆಂಟಿ ಹೇಳಿದರು, ನಾನು ಬರೆದುಕೊಂಡೆ, ಒಂದಕ್ಷರವನ್ನೂ ತಿದ್ದಲಿಲ್ಲ. ಮುಂದಿನ ಮಂಗಳವಾರ ಟಕ್ ಟಕ್ ಆಗಿ, ಕೆಮ್ಮಾಗಿ, ಗಲ್ಲಿ ಉಸಿರು ಹಿಡಿದು ನಿಂತಾಗ ಹಜರತರು ಅದೇ ಸಾವಿನ ರಾಗದಲ್ಲಿ ಹೇಳಿದರು: "ಯಾರೂ ತೀರಿಕೊಂಡಿಲ್ಲ. ನಾಳೆ ಡಾಕ್ಟರಮ್ಮ ಬರ್ತಾರೆ. ಬಸುರಿ ಹೆಂಗಸರು ಬನ್ನಿ. ಗಂಡಂದಿರು ಕರ್ಕೊಂಡು ಬನ್ನಿ."

ಮರುದಿನ ಮೂವರು ಬಸುರಿಯರು ಹೋದರು. ಅಧ್ಯಕ್ಷರು ಮತ್ತೆ ತಡೆಯಲಿಲ್ಲ, ಪ್ರತಿ ಮಂಗಳವಾರ ಮೈಕು ಅದನ್ನೇ ಹೇಳತೊಡಗಿತು. ಕೆಲವು ವಾರಗಳಲ್ಲಿ ಅತ್ತೆಯರೂ ಜೊತೆಗೆ ಹೋಗತೊಡಗಿದರು. ಅಂಗಡಿ ಮುಂದೆ ಸಿಕ್ಕ ಗಂಡಸರು ಏನು ಸಮಾಚಾರ ಎಂದರೆ "ಯಾರೂ ತೀರಿಕೊಂಡಿಲ್ಲ" ಎಂದು ನಗುತ್ತಿದ್ದರು.

ಇಷ್ಟನ್ನು ಬರೆದು ಓದಿಕೊಂಡಾಗ ಒಂದು ಜಾಗ ಖಾಲಿ ಇರುವುದು ಕಂಡಿತು. ಆಂಟಿಯ ತಂಗಿಯ ಹೆಸರು. ಮೆಹರುನ್ನಿಸಾ ಎಂದು ಹಾಕಿ ನೋಡಿದೆ, ಕಮರುನ್ನಿಸಾ ಎಂದೂ ನೋಡಿದೆ. ಎರಡೂ ಸರಿಯೆನಿಸಿದವು. ಬಶೀರ್ ಸಾಹೇಬರ ಹೆಸರು ಮಾತ್ರ ಚೆನ್ನಾಗಿ ನೆನಪಿತ್ತು.

ಮೊನ್ನೆ ಮಂಗಳವಾರ ಸಂಜೆ ಫೋನ್ ಮಾಡಿದೆ. "ಏನ್ ಸಾರ್, ಜೆ.ಪಿ. ನಗರ್ ಸೇರಿ ನಮ್ಮನ್ನ ಮರ್ತೇಬಿಟ್ರಿ," ಎಂದರು ಆಂಟಿ. ನಾಚಿಕೆಯಿಂದಲೇ ಕೇಳಿದೆ. ಅವರು ಉತ್ತರ ಕೊಡುವ ಮುಂಚೆ ಫೋನಿನೊಳಗೆ ದೂರದಲ್ಲಿ ಟಕ್ ಟಕ್ ಅಂದಿತು. ಇಬ್ಬರೂ ಕಿವಿಗೊಟ್ಟೆವು. ಹಜರತರ ದನಿಗೆ ವಯಸ್ಸಾಗಿತ್ತು. ಯಾರೂ ತೀರಿಕೊಂಡಿರಲಿಲ್ಲ.

"ಬದ್ರುನ್ನಿಸಾ," ಎಂದರು ಆಂಟಿ. "ಬರ್ಕೊಂಡ್ರಾ?"

"ಬರ್ಕೊಂಡೆ."

"ಓದಿ."

ಓದಿದೆ.

"ಕೇಳಿಸ್ಲಿಲ್ಲ ಸಾರ್. ಜೋರಾಗಿ."

ನಾನು ಬಾಲ್ಕನಿಗೆ ಹೋಗಿ, ಒಮ್ಮೆ ಕೆಮ್ಮಿ, ಜೋರಾಗಿ ಓದಿದೆ.