ಸುಜಾತಳ ಕನ್ಸರ್ಟಿನಾ

ಆ ಕನ್ಸರ್ಟಿನಾ ಹಾಳಾಗಿರಲಿಲ್ಲ. ಹಾಳಾಗಿದೆ ಎಂದು ಸುಜಾತಳಿಗೆ ಹೇಳಿದವಳು ನಾನು. ತಿಳಿಯದೆ ಹೇಳಿದ್ದಲ್ಲ — ಅವಳು ಹುಡುಕಿಕೊಂಡು ಬಂದದ್ದು ಅದನ್ನೇ ಎಂದು ಆ ಕೋಣೆಯಲ್ಲಿದ್ದವರ ಪೈಕಿ ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಆರು ವರ್ಷ ಇದನ್ನು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಪಾದ್ರಿಯ ಬಳಿ ಪಾಪನಿವೇದನೆಗೆ ಮೊಣಕಾಲೂರಿದಾಗಲೂ ಸಿಟ್ಟು, ಅಸೂಯೆ ಎಂದು ಒಟ್ಟಾರೆಯಾಗಿ ಏನೋ ಪಿಸುಗುಟ್ಟಿ ಎದ್ದು ಬಂದೆ. ಇದನ್ನು ಇದ್ದ ಹಾಗೆ ಹೇಳಲಿಲ್ಲ.

ನನ್ನ ಹೆಸರು ಲೀನಾ, ಶಿರ್ವದ ಕಡೆಯವಳು. ದೋಹಾದ ಒಂದು ಕಂಟ್ರಾಕ್ಟ್ ಕಂಪನಿಯ ಆಫೀಸಿನಲ್ಲಿ ಕೆಲಸ. ಗಂಡನಿಗೆ ರಾಸ್ ಲಫಾನಿನ ಗ್ಯಾಸ್ ಘಟಕದಲ್ಲಿ ಶಿಫ್ಟ್ ಕೆಲಸ. ಆಗ ನಾವಿದ್ದದ್ದು ಮುಐದರ್‌ನಲ್ಲಿ, ಒಂದೇ ವಿಲ್ಲಾಕ್ಕೆ ನಡುನಡುವೆ ಹಲಗೆಯ ಗೋಡೆ ಹಾಕಿ ಮಾಡಿದ ಐದು ಮನೆಗಳ ಪೈಕಿ ಒಂದರಲ್ಲಿ. ಪಕ್ಕದ ಮನೆ ಸುಜಾತಳದು. ಕಾಪುವಿನವಳು, ನನಗಿಂತ ಎಂಟು ವರ್ಷ ಚಿಕ್ಕವಳು, ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನಿಸ್ಟ್. ಮನೆಮಾತು ಕೊಂಕಣಿಯಾದ ನನ್ನ ತುಳು ಕೇಳಿದರೆ ಅವಳಿಗೆ ನಗು ತಡೆಯುತ್ತಿರಲಿಲ್ಲ, ಹಾಗಾಗಿ ನಾವು ಕನ್ನಡದಲ್ಲೇ ಮಾತಾಡುತ್ತಿದ್ದೆವು. ಅವಳು ಒಗ್ಗರಣೆ ಹಾಕುತ್ತಾ ಗುನುಗುವುದು ಗೋಡೆಯಾಚೆ ನನ್ನ ಅಡುಗೆಮನೆಗೆ ಕೇಳುತ್ತಿತ್ತು.

ನನ್ನ ಮಗಳ ಶಾಲೆಯಲ್ಲಿ ನೋರಾ ಎಂಬ ಐರಿಷ್ ಟೀಚರ್ ಇದ್ದರು. ವಾರದ ರಜೆಯಾದ ಶುಕ್ರವಾರ ಮಧ್ಯಾಹ್ನ ಅವರ ಮನೆಯಲ್ಲಿ ನಾಲ್ಕೈದು ಜನ ಸೇರಿ ಐರ್ಲೆಂಡಿನ ಹಳೆಯ ನೃತ್ಯದ ಮಟ್ಟುಗಳನ್ನು ನುಡಿಸುತ್ತಿದ್ದರು — ಒಂದು ಪಿಟೀಲು, ಒಂದು ಕೊಳಲು, ನೋರಾ ಅವರ ಕನ್ಸರ್ಟಿನಾ. ಕನ್ಸರ್ಟಿನಾ ಎಂದರೆ ಎರಡು ಅಂಗೈಗಳ ನಡುವೆ ಹಿಡಿದು ನುಡಿಸುವ ಆರು ಮೂಲೆಯ ಪುಟ್ಟ ವಾದ್ಯ. ನಡುವೆ ಹಾರ್ಮೋನಿಯಂನ ಹಾಗೆ ತಿದಿ, ಎರಡೂ ಬದಿಗೆ ಬಟನ್‌ಗಳು. ಚಿಕ್ಕಂದಿನಿಂದ ಇಗರ್ಜಿಯ ಕಾಯರ್‌ನಲ್ಲಿ ಕೀಬೋರ್ಡ್ ನುಡಿಸಿದವಳು ನಾನು, ನೋಟ್ಸ್ ಓದಲು ಬಲ್ಲವಳು. ಇಗರ್ಜಿಯಲ್ಲಿ ಶುಕ್ರವಾರದ ಪೂಜೆ ಮುಗಿಸಿ, ಒಂದು ತಗಡಿನ ಕೊಳಲು ಹಿಡಿದು ಅಲ್ಲಿಗೆ ಹೋಗತೊಡಗಿದ್ದೆ. ಒಂದು ದಿನ ಸುಜಾತಳನ್ನೂ ಕರೆದುಕೊಂಡು ಹೋದೆ. ನಿಜ ಹೇಳಬೇಕೆಂದರೆ — ನಾನು ನುಡಿಸುವುದನ್ನು ಅವಳು ನೋಡಲಿ ಎಂದೇ ಕರೆದುಕೊಂಡು ಹೋದದ್ದು.

ಅವಳು ಮೂಲೆಯಲ್ಲಿ ಕೂತು ಕೇಳಿದಳು. ಚಹಾ ಕುಡಿಯುವಾಗ, ಆಗಷ್ಟೇ ನುಡಿಸಿದ ಮಟ್ಟನ್ನು ಮೊದಲಿನಿಂದ ಕೊನೆಯವರೆಗೆ ಗುನುಗಿದಳು. ನಾನು ಮೂರು ವಾರ ಕಾಗದ ನೋಡಿ ಕಲಿತ ಮಟ್ಟು ಅದು. ನೋರಾ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು. ಏನಾದರೂ ನುಡಿಸುತ್ತೀಯಾ ಎಂದು ಕೇಳಿದರು. ಊರಿನಲ್ಲಿ ಅಪ್ಪ ಭಜನೆಗೆ ಹಾರ್ಮೋನಿಯಂ ಹಿಡಿಯುತ್ತಿದ್ದರು, ಅವರು ಇಲ್ಲದಾಗ ಕದ್ದು ಒತ್ತಿ ನೋಡಿದ್ದೇನೆ ಎಂದಳು ಸುಜಾತಾ. ನೋರಾ ತಮ್ಮ ಕನ್ಸರ್ಟಿನಾ ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ, ಅವಳಿಗೂ ಕೊಡಲಿಲ್ಲ. ಆದರೆ ಒಂದನ್ನು ಹುಡುಕಿ ತಂದರೆ ತಾವು ಊರಿಗೆ ಮರಳುವುದರೊಳಗೆ ಕಲಿಸಿಬಿಡುತ್ತೇನೆ ಎಂದರು. ಅವರ ಕಂಟ್ರಾಕ್ಟ್ ಮುಗಿಯಲು ಆರು ತಿಂಗಳಿತ್ತು. ನನ್ನ ಕಡೆ ತಿರುಗಿ, ಪ್ರೀತಿಯಿಂದಲೇ, ನೀನು ಕಾಗದದಲ್ಲಿ ಬರೆದಿರುವುದನ್ನು ನುಡಿಸುತ್ತೀಯ ಲೀನಾ, ಇವಳಿಗೆ ಕೇಳಿಸುತ್ತದೆ ಎಂದರು.

ಆ ಮಾತು — ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಿಜವೇ ಆಗಿತ್ತು. ಅದಕ್ಕೇ ನನಗೆ ನುಂಗಲಾಗಲಿಲ್ಲ.

ಅದಾಗಿ ಕೆಲವು ವಾರಗಳಲ್ಲಿ, ನೋರಾ ರಜೆಗೆ ಊರಿಗೆ ಹೋಗಿದ್ದಾಗ, ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಲುಸೈಲ್‌ನಲ್ಲಿ ಒಬ್ಬ ಇಂಗ್ಲಿಷ್ ಇಂಜಿನಿಯರ್ ಕೆಲಸ ಬಿಟ್ಟು ಮನೆ ಖಾಲಿ ಮಾಡುತ್ತಿದ್ದಾರೆ, ತೀರಿಕೊಂಡ ಹೆಂಡತಿಯ ಎರಡು ಕನ್ಸರ್ಟಿನಾಗಳು ಅವರ ಬಳಿ ಇವೆ, ನಾನು ಬರುವಷ್ಟರಲ್ಲಿ ಅವರು ಹೊರಟುಬಿಟ್ಟಿರುತ್ತಾರೆ — ನೀನು ಸುಜಾತಳ ಜೊತೆ ಹೋಗು ಎಂದರು. ಹೇಗೆ ಆರಿಸಬೇಕೆಂದು ವಿವರವಾಗಿ ಹೇಳಿದರು. ಯಾವ ಬಟನ್ನನ್ನಾದರೂ ಒತ್ತಿ ಹಿಡಿದು, ತಿದಿಯನ್ನು ಒಳಗೆ ತಳ್ಳು, ಮತ್ತೆ ಹೊರಗೆ ಎಳೆ. ತಳ್ಳಿದಾಗ ಒಂದು ಸ್ವರ, ಎಳೆದಾಗ ಇನ್ನೊಂದು ಬಂದರೆ ಅದೇ ಬೇಕಾದದ್ದು. ನಮ್ಮ ಸಂಗೀತದ ನೆಗೆತ ಬರುವುದೇ ಆ ತಳ್ಳು-ಎಳೆತದಿಂದ. ಮೂವತ್ತು ಬಟನ್ ಇರಬೇಕು. ತಳ್ಳಿದರೂ ಎಳೆದರೂ ಒಂದೇ ಸ್ವರ ಕೊಡುವುದು ಬೇರೆ ಜಾತಿ. ಒಳ್ಳೆಯ ವಾದ್ಯವೇ, ಆದರೆ ಅದರಲ್ಲಿ ನನಗೆ ಕಲಿಸಲು ಬರುವುದಿಲ್ಲ. ಇದನ್ನೆಲ್ಲ ನಿನಗೆ ಹೇಳುತ್ತಿರುವುದು ನಿನಗೆ ಸ್ವರದ ಹೆಸರು ಗೊತ್ತಿರುವುದರಿಂದ ಎಂದರು.

ನಾನು ಸುಜಾತಳಿಗೆ ಇದರಲ್ಲಿ ಒಂದು ಮಾತನ್ನೂ ದಾಟಿಸಲಿಲ್ಲ. ಅಲ್ಲಿ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ — ಹಾಗೆ ಅಂದುಕೊಂಡಿದ್ದೆ ಎಂದು ಈಗ ನೆನಪು ಮಾಡಿಕೊಳ್ಳುತ್ತೇನೆ. ಎಷ್ಟು ನಿಜವೋ ನಾನರಿಯೆ.

ಲುಸೈಲ್‌ನ ಆ ಫ್ಲಾಟಿನ ತುಂಬ ರಟ್ಟಿನ ಪೆಟ್ಟಿಗೆಗಳು. ಆ ವಯಸ್ಸಾದ ಇಂಜಿನಿಯರ್ ಎರಡು ಕನ್ಸರ್ಟಿನಾಗಳನ್ನೂ ಊಟದ ಮೇಜಿನ ಮೇಲಿಟ್ಟು, ಇವುಗಳ ವ್ಯತ್ಯಾಸ ತನಗೆ ತಿಳಿಯದು, ಹೆಂಡತಿ ಎರಡನ್ನೂ ನುಡಿಸುತ್ತಿದ್ದಳು ಎಂದು ಹೇಳಿ ಬಾಲ್ಕನಿಗೆ ಹೋದರು. ಸುಜಾತಾ ಮೊದಲು ಎತ್ತಿಕೊಂಡದ್ದೇ ಸರಿಯಾದದ್ದನ್ನು. ಅವಳ ಸಣ್ಣ ಅಂಗೈಗೆ ಅದರ ಚರ್ಮದ ಪಟ್ಟಿ ಹೇಳಿ ಮಾಡಿಸಿದಂತಿತ್ತು. ಒಂದು ಬಟನ್ ಒತ್ತಿ ತಳ್ಳಿದಳು, ಎಳೆದಳು. ಮತ್ತೆ ತಳ್ಳಿ ಎಳೆದಳು. ಹಾರ್ಮೋನಿಯಂ ಮಾತ್ರ ಕಂಡವಳು. ಗೊಂದಲದಿಂದ ನನ್ನ ಮುಖ ನೋಡಿದಳು.

“ಎಂತ ಲೀನಕ್ಕ ಇದು, ಒಂದೇ ಬಟನ್‌ಗೆ ಎರಡು ಸ್ವರ ಬರ್ತದೆ. ಹಾಳಾಗಿದೆಯಾ?”

“ಹೌದು ಮಾರಾಯ್ತಿ,” ಎಂದೆ. “ಹಾಳಾಗಿದೆ. ಆಚೆಯದ್ದನ್ನು ನೋಡು.”

ಇಷ್ಟೇ. ಯೋಚಿಸಿ ಹೂಡಿದ ಸಂಚಲ್ಲ. ಅವಳೇ ಪ್ರಶ್ನೆ ಕೇಳಿ ಉತ್ತರವನ್ನೂ ನನ್ನ ಕೈಗಿಟ್ಟಿದ್ದಳು. ಆದರೆ ಅದರ ಮುಂದಿನದ್ದೆಲ್ಲ ಯೋಚಿಸಿಯೇ ಮಾಡಿದ್ದು. ಎರಡನೆಯದನ್ನು ಒಂದೇ ಕೈಯಲ್ಲಿ ತೂಗಬಿಟ್ಟು, ತಿದಿ ಎಷ್ಟು ನಿಧಾನವಾಗಿ ಇಳಿಯುತ್ತದೆ ನೋಡು, ಗಾಳಿ ಸೋರುವುದಿಲ್ಲ ಎಂದು ತೋರಿಸಿದೆ. ಪ್ರತಿಯೊಂದು ಬಟನ್ನನ್ನೂ ಒತ್ತಿ ಪರೀಕ್ಷಿಸಿದೆ. ಇಷ್ಟು ಕಾಳಜಿಯಿಂದ ಯಾರು ನೋಡಿಕೊಡುತ್ತಾರೆ ಲೀನಕ್ಕ ಎಂದು ಅವಳು ದಾರಿಯುದ್ದಕ್ಕೂ ಹೇಳುತ್ತಾ ಬಂದಳು.

ಎರಡು ದಿನ ಬಿಟ್ಟು ನಾನೊಬ್ಬಳೇ ಹೋಗಿ ಇನ್ನೊಂದನ್ನು ಕೊಂಡುತಂದೆ. ಕಪಾಟಿನಲ್ಲಿ ಚಳಿಗಾಲದ ಬಟ್ಟೆಗಳ ಹಿಂದೆ ಇಟ್ಟೆ.

ನೋರಾ ಬಂದ ಶುಕ್ರವಾರ ಸುಜಾತಾ ಹೊಸ ಸೀರೆ ಉಟ್ಟು ಬಂದಿದ್ದಳು. ಎಲ್ಲರ ಎದುರು ಪೆಟ್ಟಿಗೆ ತೆರೆದಳು. ನೋರಾ ಎತ್ತಿಕೊಂಡು ಒಂದು ಬಟನ್ ಒತ್ತಿ ತಳ್ಳಿದರು, ಎಳೆದರು. ಇದು ಅದಲ್ಲವಲ್ಲ ಎಂದರು. ಹೇಗೆ ಆರಿಸಬೇಕೆಂದು ನಾನು ಲೀನಾಳಿಗೆ ಬಿಡಿಸಿ ಹೇಳಿದ್ದೆನಲ್ಲ, ಅವಳು ನಿನಗೆ ಹೇಳಲಿಲ್ಲವೇ ಎಂದು ಕೇಳಿದರು.

ಸುಜಾತಾ ನನ್ನನ್ನು ನೋಡಿದಳು. ನಾನು ಕೊಳಲನ್ನು ಒರೆಸುತ್ತಿದ್ದೆ. ನಂತರ ನೋರಾ ಅವರಿಗೆ ತನ್ನ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: “ಹೇಳಿದ್ದರು. ನಾನೇ ಕೇಳಲಿಲ್ಲ. ನನಗೆ ಇದರ ಸ್ವರ ಇಷ್ಟವಾಯಿತು.”

ನೋರಾ ಅವರ ಮುಖ ಬಿಗಿಯಾಯಿತು. ಶಾಲೆಯಲ್ಲಿ ಹಠದ ಮಕ್ಕಳನ್ನು ನೋಡುವ ಹಾಗೆ ಅವಳನ್ನು ನೋಡಿದರು. ಪೆಟ್ಟಿಗೆ ಮುಚ್ಚಿ ಅವಳ ಮಡಿಲಿಗಿಟ್ಟರು.

ಮನೆಗೆ ಬರುವಾಗ ಕಾರು ಓಡಿಸಿದ್ದು ನಾನು. ಸುಜಾತಾ ಪಕ್ಕದಲ್ಲಿ ಪೆಟ್ಟಿಗೆ ಹಿಡಿದು ಕೂತಿದ್ದಳು. ನಾನು ಮಾತಾಡಿದೆ — ಮಗಳ ಪರೀಕ್ಷೆಯ ಬಗ್ಗೆ, ರಸ್ತೆ ಅಗೆದು ಹಾಕಿದ್ದರ ಬಗ್ಗೆ, ಮೀನಿನ ಬಗ್ಗೆ ಕೂಡ. ಅವಳು ಹೂಂ ಎನ್ನುತ್ತಿದ್ದಳು. ಗೇಟಿನ ಹತ್ತಿರ ಇಳಿಯುವಾಗ ಒಂದು ಗಳಿಗೆ ಬಾಗಿಲು ಹಿಡಿದು ನಿಂತಳು. ನಾನು ಮೊಬೈಲ್ ಹುಡುಕುವವಳಂತೆ ಬ್ಯಾಗಿಗೆ ಕೈ ಹಾಕಿದೆ.

ಆಮೇಲೆ ಅವಳು ಶುಕ್ರವಾರಗಳಿಗೆ ಬರಲಿಲ್ಲ. ಒಗ್ಗರಣೆಯ ಸದ್ದು ಕೇಳುತ್ತಿತ್ತು, ಗುನುಗು ನಿಂತಿತು. ಆ ವಾದ್ಯವನ್ನು ಕ್ಲಿನಿಕ್ಕಿನ ಯಾರಿಗೋ ಕೊಟ್ಟಳಂತೆ. ಒಂದು ವರ್ಷದೊಳಗೆ ಸುಜಾತಳ ಮನೆಯವರು ಬೇರೆ ಕಡೆ ಮನೆ ಮಾಡಿದರು.

ನಾನೋ — ತಿಂಗಳು ಕಳೆದ ಮೇಲೆ ಬಚ್ಚಿಟ್ಟದ್ದನ್ನು ಹೊರತೆಗೆದೆ. ಸುಜಾತಳಿಗೆಂದೇ ತಂದಿಟ್ಟಿದ್ದೆ, ಅವಳಿಗೆ ಇನ್ನು ಆಸಕ್ತಿಯಿಲ್ಲವಂತೆ ಎಂದು ನೋರಾ ಅವರಿಗೆ ಹೇಳಿದೆ. ಅವರು ನನಗೇ ಕಲಿಸಿದರು. ಕಲಿತೆ, ಒಂದು ಸ್ವರವೂ ತಪ್ಪುವುದಿಲ್ಲ. ಅವರ ಬೀಳ್ಕೊಡುಗೆಯ ದಿನ ನುಡಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನೋರಾ ಕಿಟಕಿಯಾಚೆ ನೋಡುತ್ತಿದ್ದರು.

ಕಳೆದ ತಿಂಗಳು ಅವರಿಂದ ಮೆಸೇಜ್ ಬಂತು. ಕೆಲಸದಿಂದ ನಿವೃತ್ತಿಯಾದರಂತೆ. ಕೊನೆಯಲ್ಲಿ ಬರೆದಿದ್ದರು: ಸುಜಾತಾ ಸಿಗುತ್ತಾಳೆಯೇ? ಆಗಾಗ ನೆನಪಾಗುತ್ತಾಳೆ. ಎಂಥ ಕಿವಿ ಇತ್ತು — ಹೇಳಿದ್ದನ್ನು ಕೇಳುವ ಗುಣ ಮಾತ್ರ ಇರಲಿಲ್ಲ.

ಅದನ್ನು ಹತ್ತಾರು ಸಲ ಓದಿದೆ. ನಾನು ಕಸಿದದ್ದು ವಾದ್ಯವೊಂದೇ ಎಂದು ಇಷ್ಟು ವರ್ಷ ತಿಳಿದಿದ್ದೆ.

ಆ ಶನಿವಾರ ಬೆಳಿಗ್ಗೆ ಸುಜಾತಳ ಮನೆ ಹುಡುಕಿಕೊಂಡು ಹೋದೆ, ಕನ್ಸರ್ಟಿನಾ ಜೊತೆಗಿತ್ತು. ನನ್ನನ್ನು ಕೂರಿಸಿ ನೀರು ಕೊಟ್ಟಳು. ನಾನು ಹೇಳಬೇಕಾದದ್ದನ್ನು ತಡವರಿಸುತ್ತಾ ಹೇಳಿ ಮುಗಿಸುವವರೆಗೂ ಸೋಫಾದ ಮೇಲಿನ ಮಕ್ಕಳ ಯೂನಿಫಾರ್ಮ್ ಮಡಚುತ್ತಿದ್ದಳು.

“ಗೊತ್ತುಂಟು,” ಎಂದಳು. “ಅವತ್ತೇ ಗೊತ್ತಾಯ್ತಲ್ಲ.”

ಮತ್ತೆ ನನ್ನನ್ನು ಯಾಕೆ ಉಳಿಸಿದೆ ಎಂದು ಕೇಳಿದೆ. ಕೇಳಬಾರದಿತ್ತು.

“ಅಷ್ಟು ಜನರ ಎದುರು ನಿಮ್ಮ ಮರ್ಯಾದೆ ಹೋಗೋದು ಬೇಡ ಅಂತ ಕಂಡಿತು. ಕಾರಿನಲ್ಲಿ ನೀವೇ ಹೇಳ್ತೀರಿ ಅಂತ ಇದ್ದೆ.” ಇನ್ನೊಂದು ಅಂಗಿ ಮಡಚಿದಳು. “ಈಗ ನನಗೆ ಹೇಳಿ ಎಂತ ಮಾಡ್ಲಿಕ್ಕುಂಟು ಲೀನಕ್ಕ? ಹೇಳ್ಬೇಕಾದದ್ದು ನೋರಾ ಮೇಡಮ್‌ಗೆ. ಅವರು ಇವತ್ತಿಗೂ ನಾನು ಮಾತು ಕೇಳದವಳು ಅಂತ ಇದ್ದಾರೆ.”

ಕನ್ಸರ್ಟಿನಾ ಬೇಡವೆಂದಳು. ಸಿಟ್ಟಿನಿಂದಲ್ಲ, ಮನೆಯಲ್ಲಿ ಜಾಗವಿಲ್ಲ ಎನ್ನುವ ಹಾಗೆ. ಬಾಗಿಲವರೆಗೆ ಬಂದು ಲಿಫ್ಟಿನ ಬಟನ್ ತಾನೇ ಒತ್ತಿದಳು. ಮತ್ತೆ ಬನ್ನಿ ಎಂದು ಹೇಳಲಿಲ್ಲ.

ಮನೆಗೆ ಬಂದು ನೋರಾ ಅವರಿಗೆ ಬರೆಯಲು ಕೂತೆ. ಮೊದಲು ಬರೆದದ್ದರಲ್ಲಿ ನನ್ನ ಒಂಟಿತನವಿತ್ತು, ಅವರು ಆಡಿದ ಆ ಒಂದು ಮಾತಿತ್ತು, ಗಂಡನ ಶಿಫ್ಟ್ ಇತ್ತು — ಎಲ್ಲ ಅಳಿಸಿದೆ. ಉಳಿದದ್ದು ನಾಲ್ಕು ಸಾಲು. ಸುಜಾತಾ ನಿಮ್ಮ ಮಾತು ಮೀರಲಿಲ್ಲ. ನೀವು ಹೇಳಿದ್ದನ್ನು ನಾನು ಅವಳಿಗೆ ಹೇಳಲೇ ಇಲ್ಲ. ಸರಿಯಾದದ್ದನ್ನು ಅವಳೇ ಮೊದಲು ಎತ್ತಿಕೊಂಡಿದ್ದಳು, ಅದು ಹಾಳಾಗಿದೆ ಎಂದು ನಾನು ಸುಳ್ಳು ಹೇಳಿದೆ. ನೀವು ನನಗೆ ಕಲಿಸಿದ್ದು ಅದೇ ವಾದ್ಯದ ಮೇಲೆ.

ನೋರಾ ಓದಿದ್ದಾರೆ. ಉತ್ತರ ಬರೆದಿಲ್ಲ. ಅಂದು ನೋರಾ ಅವರ ಮನೆಯಲ್ಲಿದ್ದ ಪಿಟೀಲಿನವರೂ ಕೊಳಲಿನವರೂ ಈಗಲೂ ದೋಹಾದಲ್ಲೇ ಇದ್ದಾರೆ. ತಾನೇ ಕೇಳಲಿಲ್ಲ ಎಂಬ ಸುಜಾತಳ ಮಾತನ್ನು ಅವರೂ ನಂಬಿದವರೇ. ಬರುವ ಶುಕ್ರವಾರ ಒಬ್ಬೊಬ್ಬರ ಮನೆಗೂ ಹೋಗಿ ನಡೆದದ್ದನ್ನು ಹೇಳುತ್ತೇನೆ, ಸುಜಾತಳ ಹೆಸರು ಹಿಡಿದು.