ಅತ್ತಿ ಇಲ್ಲದ ಆಲ್ಬಮ್

ತಂಬಾಕಿನ ವಾಸನೆ ಬಂದರೆ ಬೇರೆಯವರಿಗೆ ಬೀಡಿ ನೆನಪಾಗಬಹುದು. ನನಗೆ ಕ್ಯಾಮೆರಾ ನೆನಪಾಗುತ್ತದೆ. ಮೊನ್ನೆ ನಿಪ್ಪಾಣಿಯ ಪೇಟೆಯಲ್ಲಿ ತಂಬಾಕು ತುಂಬಿದ ವಖಾರವೊಂದರ ಬಾಗಿಲು ತೆರೆದಿತ್ತು. ಆ ಕಟುವಾದ, ಕೊನೆಗೆ ತುಸು ಬೆಲ್ಲದಂತೆ ಸಿಹಿಯಾಗುವ ವಾಸನೆ ಮೂಗಿಗೆ ಅಡರಿದ್ದೇ ತಡ, ಸಂತೆಯ ಚೀಲ ಹಿಡಿದುಕೊಂಡು ದಾರಿಯಲ್ಲೇ ನಿಂತುಬಿಟ್ಟೆ. ನನ್ನ ಅಪ್ಪನ ತಂಗಿ ಶಾಲನ್ ಅತ್ತಿ ತನ್ನ ಕ್ಯಾಮೆರಾವನ್ನು ತಗಡಿನ ಟ್ರಂಕಿನಲ್ಲಿ ಇಡುತ್ತಿದ್ದಳು. ಹುಳ ಹತ್ತಬಾರದೆಂದು ಅದರ ಸುತ್ತ ಒಣಗಿದ ತಂಬಾಕಿನ ಎಲೆ ಹರಡುತ್ತಿದ್ದಳು. ತೊಗಲಿನ ಚೀಲದ ಗುಂಡಿ ಬಿಚ್ಚಿದರೆ ತೊಗಲು, ತಂಬಾಕು, ಹೊಲಿಗೆ ಯಂತ್ರದ ಎಣ್ಣೆ ಎಲ್ಲಾ ಕೂಡಿದ ಒಂದು ವಾಸನೆ ಏಳುತ್ತಿತ್ತು. ಆ ಮನೆ ಈಗಿಲ್ಲ. ಸದಲಗಾದ ಆಚೆ ದೂಧಗಂಗೆಯ ದಂಡೆಗೆ ಇದ್ದ ನಮ್ಮ ಮಣ್ಣಿನ ಗೋಡೆಯ ಮನೆಯನ್ನು ಕೆಡವಿ, ಪಾಲು ಮಾಡಿ, ಈಗ ಅಲ್ಲಿ ಒಂದಕ್ಕೊಂದು ಮುಖ ತಿರುಗಿಸಿಕೊಂಡ ಮೂರು ಸಿಮೆಂಟಿನ ಮನೆಗಳು ಎದ್ದಿವೆ. ಆ ಟ್ರಂಕು ಇದ್ದ ಮೂಲೆ ಯಾರ ಪಾಲಿಗೆ ಬಂತೋ ನನಗೆ ಗೊತ್ತಿಲ್ಲ.

ಅತ್ತಿಯನ್ನು ಕೊಟ್ಟದ್ದು ನಿಪ್ಪಾಣಿಗೆ. ಮಾವ ಅಲ್ಲಿ ಒಂದು ಸಣ್ಣ ಫೋಟೊ ಸ್ಟುಡಿಯೊ ಇಟ್ಟಿದ್ದ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಹೆಂಡತಿಯನ್ನು ಕೂಡಿಸಿಕೊಂಡು ಕ್ಯಾಮೆರಾ ಕಲಿಸಿದನಂತೆ. ಹಳ್ಳಿಯಿಂದ ಬಂದ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಹುಡುಗಿ ಅದನ್ನು ಅವನಿಗಿಂತ ಚುರುಕಾಗಿ ಕಲಿತಳು. ಕಾಮಾಲೆಯಾಗಿ ಮಾವ ತೀರಿಕೊಂಡ ಮೇಲೆ ಸ್ಟುಡಿಯೊ ಮೈದುನನ ಪಾಲಾಯಿತು. ಅತ್ತಿ ತವರಿಗೆ ತಿರುಗಿ ಬರುವಾಗ ಸೀರೆಗಳ ನಡುವೆ ಈ ಕ್ಯಾಮೆರಾವನ್ನು ಸುತ್ತಿಟ್ಟುಕೊಂಡು ಬಂದಳು. ಮದುವೆಯ ಆಲ್ಬಮ್ ಅಲ್ಲೇ ಉಳಿಯಿತು. ಮುಂದೆ ಕೇಳಿ ಕಳಿಸಿದಾಗ ಗೆದ್ದಲು ತಿಂದಿತು ಎಂಬ ಉತ್ತರ ಬಂತು. ಗೆದ್ದಲಿಗೆ ಏನು ತಿನ್ನಬೇಕು ಎಂಬುದನ್ನೂ ಮನುಷ್ಯರೇ ಹೇಳಿಕೊಡುತ್ತಾರೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ನಮ್ಮ ಮನೆಯಲ್ಲಿ ಆಯಿಯ ಮಾತೇ ಮಾತು. ಆಯಿ ಅಂದರೆ ಅಪ್ಪನ ತಾಯಿ, ಅತ್ತಿಯನ್ನು ಹೆತ್ತವಳು. ತಾನೂ ಗಂಡನನ್ನು ಕಳೆದುಕೊಂಡವಳೇ. ಆದರೆ ಶುಭಕಾರ್ಯಕ್ಕೆ ಮಗಳ ನೆರಳು ಬೀಳಬಾರದು ಎನ್ನುವಾಗ ಅವಳ ದನಿ ಒಂದಿಷ್ಟೂ ನಡುಗುತ್ತಿರಲಿಲ್ಲ. ಅರಿಷಿಣ ಹಚ್ಚುವಾಗ, ಉಡಿ ತುಂಬುವಾಗ, ತೊಟ್ಟಿಲು ಕಟ್ಟುವಾಗ ಅತ್ತಿ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯಬೇಕು. ಅವಳು ಬಡಿದ ರೊಟ್ಟಿ ಎಲ್ಲರಿಗೂ ಬೇಕು, ಅವಳು ಮಾತ್ರ ಬೇಡ. ಹಾಗಿದ್ದವಳು ಒಳಗೆ ಬಂದದ್ದು ಈ ಕ್ಯಾಮೆರಾದಿಂದ. ನಮ್ಮಲ್ಲಿ ಹೆಂಗಸರ ಕಾರ್ಯಕ್ಕೆ ಪರ ಗಂಡಸು ಒಳಮನೆಗೆ ಬರುವಂತಿರಲಿಲ್ಲ. ಫೋಟೊ ಮಾತ್ರ ಎಲ್ಲರಿಗೂ ಬೇಕಿತ್ತು. ಯಾವುದೋ ಒಂದು ಉಡಿ ತುಂಬುವ ಕಾರ್ಯದಲ್ಲಿ ಬೀಗರ ಹೆಂಗಸೊಬ್ಬಳು, "ನಿಮ್ಮ ಶಾಲನ್ನಗ ತಗ್ಯಾಕ ಬರತೈತಲ್ರಿ, ಅಕ್ಕಿನ್ನ ಕರೀರಿ" ಅಂದಳು. ಎಲ್ಲರೂ ಆಯಿಯ ಮುಖ ನೋಡಿದರು. ಆಯಿ ಎಲೆಯಡಿಕೆ ಮೆಲ್ಲುತ್ತಾ ತುಸು ವಿಚಾರ ಮಾಡಿ ತೀರ್ಪು ಕೊಟ್ಟಳು: "ಬರ್ಲಿ. ಮಾರಿ ಡಬ್ಬಿ ಹಿಂದ ಇರತೈತಲ್ಲ, ಕಾಣೂದಿಲ್ಲ."

ಅಂದಿನಿಂದ ಅದೇ ಪದ್ಧತಿಯಾಯಿತು. ಸುತ್ತಿನ ನಾಲ್ಕಾರು ಹಳ್ಳಿಗಳ ಒಳಮನೆಗಳಿಗೆ, ಅತ್ತ ಬೇಡಕಿಹಾಳದವರೆಗೂ, ಅತ್ತಿಗೆ ಕರೆ ಬರುತ್ತಿತ್ತು. ಹೊಸ್ತಿಲು ದಾಟುವ ಮೊದಲೇ ಅವಳು ಕ್ಯಾಮೆರಾವನ್ನು ಕಣ್ಣಿಗೆ ಏರಿಸಿಕೊಳ್ಳಬೇಕು, ಹೊರಗೆ ಬಂದ ಮೇಲೆಯೇ ಇಳಿಸಬೇಕು. ಕೈ ಸೋತರೂ ಇಳಿಸುವಂತಿಲ್ಲ. ಕುಪ್ಪಸದ ತೋಳು ಬೆವರಿನಿಂದ ತೊಯ್ದು ಹೋಗುತ್ತಿತ್ತು. ನಿಮ್ಮ ಮನೆಯ ಹಳೆಯ ಆಲ್ಬಮ್ ಒಮ್ಮೆ ತೆಗೆದು ನೋಡಿ. ಅದರಲ್ಲಿ ಯಾರಿದ್ದಾರೆ ಎಂದು ಎಲ್ಲರೂ ನೋಡುತ್ತಾರೆ. ಯಾರಿಲ್ಲ ಎಂದು ಯಾರೂ ನೋಡುವುದಿಲ್ಲ. ನಮ್ಮ ಮನೆಯ ಆಲ್ಬಮ್‌ಗಳಲ್ಲಿ ಹಸಿರು ಸೀರೆಗಳಿದ್ದವು, ಬಳೆಗಳಿದ್ದವು, ನಗುವ ಹೆಂಗಸರಿದ್ದರು. ಅವರನ್ನೆಲ್ಲ ನಗಿಸಿದವಳು ಒಂದರಲ್ಲೂ ಇರಲಿಲ್ಲ.

ನನಗೆ ಕಲಿಸಿದ್ದು ಖಾಲಿ ಕ್ಯಾಮೆರಾದಲ್ಲಿ. ರೀಲು ಕಾರ್ಯದವರು ತಂದುಕೊಡುವ ವಸ್ತು, ಅದನ್ನು ಮಕ್ಕಳ ಆಟಕ್ಕೆ ಹಾಳು ಮಾಡುವಂತಿರಲಿಲ್ಲ. ಶಾಲೆಯಿಂದ ಬಂದವಳೇ ನಾನು ಟ್ರಂಕಿನ ಮುಂದೆ ಕೂಡುತ್ತಿದ್ದೆ. ಅತ್ತಿ ಸೆರಗಿನಿಂದ ಕೈ ಒರೆಸಿಕೊಂಡು, ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿ, ತಾನು ಎದುರಿಗೆ ಕೂಡುತ್ತಿದ್ದಳು. ಕಲ್ಲಿನಷ್ಟು ಭಾರ. ಒಳಗೆ ಕಣ್ಣಿಟ್ಟರೆ ನಡುವೆ ಒಂದು ಸಣ್ಣ ವರ್ತುಲ, ಅದರಲ್ಲಿ ಅತ್ತಿಯ ಮೂಗು ಎರಡು ತುಂಡಾಗಿ ಕಾಣುತ್ತಿತ್ತು. "ಮೂಗ ಮುರದಂಗ ಕಾಣತೈತಿಲ್ಲೋ ಸುಮಿ? ಅದು ಕೂಡೂತನಾ ತಿರಗಸು. ಘಾಯಿ ಮಾಡಬ್ಯಾಡ, ಸಾವಕಾಶ" ಅನ್ನುತ್ತಿದ್ದಳು. ನಾನು ಲೆನ್ಸಿನ ಸುತ್ತಲಿನ ಬಳೆಯನ್ನು ತಿರುಗಿಸಿದಂತೆ ಆ ಎರಡು ತುಂಡುಗಳು ಸರಿದು ಸರಿದು ಕೂಡಿ, ಇದ್ದಕ್ಕಿದ್ದಂತೆ ಅತ್ತಿಯ ಇಡೀ ಮುಖ ಹೊಳೆಯುತ್ತಿತ್ತು. ಉಸಿರು ಹಿಡಿದು ಗುಂಡಿ ಒತ್ತುತ್ತಿದ್ದೆ. ಖಟಕ್ಕೆಂದು ಒಳಗೆ ಕನ್ನಡಿ ಏಳುವಾಗ ಒಂದು ಗಳಿಗೆ ಕತ್ತಲೆಯಾಗಿ ಮತ್ತೆ ಬೆಳಕಾಗುತ್ತಿತ್ತು. ಬೆಳಕಾದಾಗ ಅತ್ತಿ ನಗುತ್ತಿರುತ್ತಿದ್ದಳು. ಹೀಗೆ ವರ್ಷಾನುಗಟ್ಟಲೆ ನಾನು ಅವಳ ಫೋಟೊ ತೆಗೆದಿದ್ದೇನೆ. ಒಲೆಯ ಮುಂದೆ, ಎಮ್ಮೆಯ ಪಕ್ಕದಲ್ಲಿ, ಕಬ್ಬಿನ ಬದುವಿನ ಮೇಲೆ, ಕೂದಲು ಹರವಿಕೊಂಡು, ಬಾಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡು. ಯಾವುದಕ್ಕೂ ರೀಲು ಇರಲಿಲ್ಲ.

ಬೆಳಕು ಅಳೆಯುವುದನ್ನು ಕಲಿಸಿದ ರೀತಿ ಅವಳದೇ. ಕಣ್ಣಿಡುವ ಕಿಂಡಿಯೊಳಗೆ ಬದಿಯಲ್ಲಿ ಒಂದು ಸೂಜಿ ಕುಣಿಯುತ್ತದೆ, ಅದು ನಡುವೆ ನಿಂತರೆ ಬೆಳಕು ಸರಿ. ಆದರೆ ಆ ಸೂಜಿ ಮೋಸ ಹೋಗುವ ಸೂಜಿ. ಬಿಳಿ ಧೋತರ, ಬಿಳಿ ಟೋಪಿಯ ದೊಡ್ಡಪ್ಪನನ್ನು ನಿಲ್ಲಿಸಿ ಅದನ್ನು ನಂಬಿದರೆ ಫೋಟೊದಲ್ಲಿ ದೊಡ್ಡಪ್ಪನ ಮುಖ ಕರಿ ಹಿಡಿಯುತ್ತದೆ. ಎಮ್ಮೆಯನ್ನು ನಿಲ್ಲಿಸಿದರೆ ಎಮ್ಮೆ ಬೂದಿ ಬಣ್ಣವಾಗುತ್ತದೆ. ಅತ್ತಿ ಕ್ಯಾಮೆರಾವನ್ನು ಮೊದಲು ಸೆಗಣಿ ಸಾರಿಸಿದ ಅಂಗಳದ ನೆಲಕ್ಕೆ ತಿರುಗಿಸಿ, ಅಲ್ಲಿ ಸೂಜಿಯನ್ನು ನಡುವೆ ನಿಲ್ಲಿಸಿ, ಆಮೇಲೆ ಮನುಷ್ಯರತ್ತ ಎತ್ತುತ್ತಿದ್ದಳು. "ನೆಲಾ ಸುಳ್ಳ ಹೇಳೂದಿಲ್ಲ. ಬಿಳೀ ಅರಿವಿ ಹಾಕ್ಕೊಂಡಾವ್ರ ಹೇಳತಾರ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿ, ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ದೊಡ್ಡಪ್ಪ ಗದರುತ್ತಿದ್ದ, "ಫೋಟೊ ತಗೀ ಅಂದ್ರ ನೆಲಾ ಏನ ನೋಡಾಕತ್ತೀಬೇ?" ಅವನು ಅಪ್ಪನ ಅಣ್ಣ, ಮನೆಯ ಹಿರಿಯ. ಅವನಿಗೆ ಅವಳ ನಗು ಎಂದೂ ಸರಿ ಬರಲಿಲ್ಲ.

ನನ್ನ ಅಕ್ಕ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ನಮ್ಮಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಮಾಡುವ ಕಾರ್ಯಕ್ಕೆ ಕುಬಸ ಅನ್ನುತ್ತಾರೆ. ಪಡಸಾಲೆಯ ತುಂಬ ಹೆಂಗಸರು, ಹೋಳಿಗೆಯ ತುಪ್ಪದ ವಾಸನೆ, ಬಾಗಿಲ ಸಂದಿಯಲ್ಲಿ ಮಕ್ಕಳು. ಅತ್ತಿ ಕಂಬಕ್ಕೆ ಆನಿಕೊಂಡು, ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಒಂದಾದ ಮೇಲೊಂದು ತೆಗೆಯುತ್ತಿದ್ದಳು. ರೀಲು ಮುಗಿಯುತ್ತಾ ಬಂದಿತ್ತು. ಆಗ ಅಕ್ಕ ಹೂವಿನ ಕುರ್ಚಿಯ ಮೇಲಿಂದಲೇ ಕೂಗಿದಳು, "ಅತ್ತಿ, ನೀನು ನನ್ನ ಬಾಜೂಕ ಬಂದ ಕುಂದರು. ಸುಮಿ ತಗೀತಾಳ."

ಕ್ಯಾಮೆರಾದ ಹಿಂದಿನಿಂದಲೇ ಅತ್ತಿ, "ಬ್ಯಾಡವಾ, ಹಂಗೆಲ್ಲಾ ಮಾತಾಡಬಾರದು" ಅಂದಳು. ಅಕ್ಕನನ್ನು ಎತ್ತಿ ಆಡಿಸಿದವಳು, ಜಡೆ ಹಾಕಿದವಳು, ಮೊದಲ ಸಲ ಮುಟ್ಟಾದಾಗ ಹೆದರಬೇಡ ಎಂದವಳು ಅತ್ತಿಯೇ. ಅಕ್ಕ ಹಟ ಬಿಡಲಿಲ್ಲ. ಆಯಿಯ ಕಡೆಗೆ ತಿರುಗಿ, "ಇದು ನನ್ನ ಬಯಕಿ. ಬಸರಿ ಬಯಕಿ ಇಲ್ಲ ಅನಬಾರದಂತ ನೀನ ಹೇಳತಿಯಲ್ಲ ಆಯಿ?" ಅಂದಳು. ಒಂದು ಶಾಸ್ತ್ರವನ್ನು ಇನ್ನೊಂದು ಶಾಸ್ತ್ರ ಕಟ್ಟಿಹಾಕಿತ್ತು. ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಎಂದು ಊರೆಲ್ಲ ನಂಬಿದ ಮಾತು.

ಅತ್ತಿ ಕ್ಯಾಮೆರಾ ಇಳಿಸಿದಳು. ಅಷ್ಟು ಮಂದಿ ಹೆಂಗಸರ ನಡುವೆ ಅವಳ ಬರಿಯ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಪಟ್ಟಿಯನ್ನು ನನ್ನ ಕೊರಳಿಗೆ ಹಾಕುವಾಗ ಅವಳ ಬೆರಳು ತಣ್ಣಗಿದ್ದವು. ಹೋಗಿ ಅಕ್ಕನ ಪಕ್ಕ ಕುರ್ಚಿಯ ತುದಿಯ ಮೇಲೆ, ಯಾವ ಗಳಿಗೆಯಲ್ಲಾದರೂ ಎದ್ದು ಓಡಬೇಕಾದವಳಂತೆ ಕುಳಿತಳು. ನಾನು ನೆಲಕ್ಕೆ ಹಿಡಿದು ಸೂಜಿ ನಿಲ್ಲಿಸಿದೆ. ಎರಡು ತುಂಡಾದ ಮೂಗನ್ನು ಕೂಡಿಸಿದೆ. ಅಕ್ಕ ಅತ್ತಿಯ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅತ್ತಿ ಅಕ್ಕನ ಕಡೆಗೆ ತುಸು ವಾಲಿದಳು. ಒತ್ತಿದೆ.

ಫೋಟೊಗಳು ತೊಳೆದು ಬಂದಾಗ ಅದೊಂದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಅತ್ತಿ ಅದನ್ನು ಕಿಡಕಿಯ ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಹಿಡಿದು ನೋಡಿದಳು. ತನ್ನನ್ನಲ್ಲ, ನನ್ನ ಕೆಲಸವನ್ನು ನೋಡುತ್ತಿರುವಂತೆ ನಟಿಸಿದಳು. "ಬರೋಬರಿ ತಗದೀಬೇ ಪೋರಿ, ಎಲ್ಲೂ ಅಳ್ಳಾಡಿಲ್ಲ" ಎಂದಳು. ಸಂಜೆ ಬಚ್ಚಲ ಮನೆಯ ಕತ್ತಲಲ್ಲಿ ಚಿಮಣಿ ಹಚ್ಚಿಕೊಂಡು ಅದನ್ನೇ ನೋಡುತ್ತಾ ಕುಳಿತಿದ್ದಳು. ಅವಳಿಗೆ ಅಷ್ಟು ಖುಷಿಯಾದದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅಕ್ಕನ ಮಗು ಹೊಟ್ಟೆಯಲ್ಲೇ ಹೋಯಿತು. ಚಿಕ್ಕೋಡಿಯ ದವಾಖಾನೆಯಲ್ಲಿ ಡಾಕ್ಟರು ಏನೋ ಕಾರಣ ಹೇಳಿದರು. ಅದನ್ನು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಮನೆ ನಮ್ಮದು. ದೊಡ್ಡಪ್ಪ ಅಂಗಳದಲ್ಲಿ ನಿಂತು, "ಅಕ್ಕೀ ಕೈ ಹೊಟ್ಟೀ ಮ್ಯಾಲ ಐತಿ, ಫೋಟೊದಾಗ ನೋಡ್ರಿ ಎಲ್ಲಾರೂ" ಎಂದು ಕೂಗಿದ. ಆಯಿ ಎದ್ದು ಹೋಗಿ ಆ ಫೋಟೊ ತಂದಳು. ಫೋಟೊ ಸುಟ್ಟರೆ ಸಾಲದು, ಅದರ ಬೀಜ ಉಳಿಯುತ್ತದೆ ಎಂದು ಯಾರೋ ಹೇಳಿದರು. ಅವರು ಬೀಜ ಎಂದದ್ದು ನೆಗೆಟಿವ್ ಪಟ್ಟಿಗೆ. ಅದರಲ್ಲಿ ಯಾವುದು ಯಾರದು ಎಂದು ಆಯಿಗೆ ಗೊತ್ತಾಗದೆ, ಫೋಟೊದ ಜೊತೆಗೆ ಕುಬಸದ ಪಟ್ಟಿಗಳನ್ನೆಲ್ಲ ಬಚ್ಚಲ ಒಲೆಗೆ ತುಂಬಿದಳು. ಅವು ಸುರುಳಿ ಸುತ್ತಿಕೊಂಡು, ಕೆಟ್ಟ ವಾಸನೆ ಬಿಟ್ಟು ಉರಿದವು. ಅಪ್ಪ ಎಮ್ಮೆಗೆ ಮೇವು ಹಾಕುತ್ತಿದ್ದವನು ತಿರುಗಿ ನೋಡಲಿಲ್ಲ. ಅಕ್ಕ ಒಳಗೆ ಹಾಸಿಗೆಯ ಮೇಲೆ ಎಚ್ಚರವಾಗಿಯೇ ಇದ್ದಳು. ಅದು ನನ್ನ ಬಯಕೆ, ಕೈಯನ್ನು ಇಟ್ಟುಕೊಂಡದ್ದು ನಾನು ಎಂದು ಒಂದು ಮಾತು ಅವಳು ಆಡಬಹುದಿತ್ತು. ಆಡಲಿಲ್ಲ. ಮಗು ಕಳೆದುಕೊಂಡವಳ ಮೇಲೆ ಸಿಟ್ಟಾಗಬಾರದು ಎಂದು ನನಗೂ ಗೊತ್ತು. ಆದರೂ ಆ ಸಿಟ್ಟು ಇವತ್ತಿಗೂ ನನ್ನಲ್ಲಿ ಹಾಗೆಯೇ ಇದೆ.

ಅತ್ತಿ ಒಲೆಯ ಮುಂದೆ ನಿಂತು ಎಲ್ಲ ಉರಿಯುವತನಕ ನೋಡಿದಳು. ಆಮೇಲೆ ಕ್ಯಾಮೆರಾವನ್ನು ತೊಗಲಿನ ಚೀಲಕ್ಕೆ ಹಾಕಿ, ಗುಂಡಿ ಹಚ್ಚಿ, ಟ್ರಂಕಿನಲ್ಲಿಟ್ಟಳು. ಮತ್ತೆ ಅದನ್ನು ಹೊರತೆಗೆಯಲಿಲ್ಲ, ನನಗೂ ಕೊಡಲಿಲ್ಲ. ಕೆಲವು ವರ್ಷಗಳಲ್ಲೇ ಹೊಸ ಕಾಲ ಬಂತು. ಒಳಮನೆಗೆ ಗಂಡಸು ಫೋಟೊದವರು ಬೂಟು ಹಾಕಿಕೊಂಡೇ ಬಂದರು, ಯಾವ ಶಾಸ್ತ್ರವೂ ಕೆಡಲಿಲ್ಲ. ಅಕ್ಕನಿಗೆ ಇಬ್ಬರು ಗಂಡುಮಕ್ಕಳಾದರು. ಎಲ್ಲರ ಕೈಗೂ ಮೊಬೈಲು ಬಂದಾಗ ಹುಡುಗರು, "ಅಜ್ಜಿ, ಇಲ್ಲಿ ನೋಡ" ಎಂದು ಬೆನ್ನು ಹತ್ತುತ್ತಿದ್ದರು. ಅತ್ತಿ ಥಟ್ಟನೆ ಸೆರಗು ಎಳೆದು ಮುಖ ಮುಚ್ಚುತ್ತಿದ್ದಳು. "ಯಾಕ ಸುಮ್ನ, ಬ್ಯಾಡ್ರಿ" ಎಂಬಷ್ಟೇ ಮಾತು. ಆಯಿ ಸತ್ತಳು, ಮನೆ ಪಾಲಾಯಿತು, ಅತ್ತಿಗೆ ದೊಡ್ಡಪ್ಪನ ಮಗನ ಮನೆಯಲ್ಲಿ ದನದ ಕೊಟ್ಟಿಗೆಗೆ ಅಂಟಿದ ಒಂದು ಖೋಲಿ ಸಿಕ್ಕಿತು.

ಹೋದ ವರ್ಷ ಅತ್ತಿ ತೀರಿಕೊಂಡಳು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಗೋಡೆಗೆ ಆನಿಸಿ ಕೂಡಿಸಿ, ಹೊಸ ಸೀರೆ ಉಡಿಸಿ, ಹಣೆತುಂಬ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದ್ದರು. ನಾನು ಹೋಗಿ ಮುಟ್ಟುವಷ್ಟರಲ್ಲಿ ಯಾರೋ, "ತಡೀರಿ, ಒಂದ ಫೋಟೊ ಆಗಲಿ" ಅಂದರು. ಗೋಡೆಗೆ ಹಾಕಲು ಅವಳದೊಂದು ಫೋಟೊ ಇಲ್ಲವೆಂದು ಎಲ್ಲರಿಗೂ ಆಗ ನೆನಪಾಗಿತ್ತು. ಆಧಾರ ಕಾರ್ಡಿನದು ಬರೀ ಮಬ್ಬು. ಮಕ್ಕಳು ಮರಿ, ಬೀಗರು ಬಿಜ್ಜರು, ಹಸಿರು ಬಳೆಯ ಸೊಸೆಯಂದಿರು ಅವಳ ಎಡಬಲಕ್ಕೆ ನೂಕಾಡಿಕೊಂಡು ನಿಂತರು. ಅಕ್ಕ ಅತ್ತಿಯ ಹೆಗಲಿಗೆ ಒರಗಿ ಕುಳಿತು ಅಳುತ್ತಿದ್ದಳು. ದೊಡ್ಡಪ್ಪನ ಮಗ ನನ್ನ ಕೈಗೆ ಮೊಬೈಲು ಕೊಟ್ಟು, "ಸುಮಿ, ನೀನ ತಗೀ, ನಿನಗ ಬರತೈತಿ. ನಡುವ ಅತ್ತಿ ಬರ್ಲಿ" ಅಂದ. ನಡುವೆ ಅತ್ತಿ ಬರಲಿ! ನಾನು ತೆಗೆಯಲಿಲ್ಲ, ಮೊಬೈಲನ್ನು ಪಕ್ಕದವನ ಕೈಗೆ ಕೊಟ್ಟು ಹೊರಗೆ ಹೋಗಿ ಅತ್ತುಬಿಟ್ಟೆ.

ಅವನು ತೆಗೆದ ಫೋಟೊ ಈಗ ಕಟ್ಟು ಹಾಕಿಸಿಕೊಂಡು ದೊಡ್ಡಪ್ಪನ ಮಗನ ಪಡಸಾಲೆಯಲ್ಲಿದೆ. ಸುತ್ತಲಿನವರನ್ನೆಲ್ಲ ಅಳಿಸಿ ಅತ್ತಿಯೊಬ್ಬಳನ್ನೇ ಉಳಿಸಿದ್ದಾರೆ, ಹಿಂದೆ ನೀಲಿ ಆಕಾಶ. ಕಣ್ಣು ಮುಚ್ಚಿದ ಫೋಟೊ ಗೋಡೆಗೆ ಹಾಕಬಾರದಂತೆ. ಅದಕ್ಕೆ ಸ್ಟುಡಿಯೊದವನು ಕಂಪ್ಯೂಟರಿನಲ್ಲಿ ತನ್ನ ಬಳಿ ಇದ್ದ ಯಾವುದೋ ಹೆಂಗಸಿನ ಕಣ್ಣುಗಳನ್ನು ತೆಗೆದು ಅತ್ತಿಯ ಮುಖಕ್ಕೆ ಹಚ್ಚಿ ಕೊಟ್ಟಿದ್ದಾನೆ. ದೊಡ್ಡ, ದುಂಡನೆಯ, ಎದುರಿಗೆ ನಿಂತವರನ್ನೇ ನೋಡುವ ಕಣ್ಣು. ಬಂದವರೆಲ್ಲ, "ಥೇಟ ಶಾಲನಕ್ಕನ ನೋಡ್ರಿ, ಈಗ ಮಾತಾಡತಾಳೇನೋ ಅನಸತೈತಿ" ಎಂದು ಕೈ ಮುಗಿಯುತ್ತಾರೆ. ಅಕ್ಕ ಪ್ರತಿ ಅಮಾವಾಸ್ಯೆಗೆ ಹಾರ ಬದಲಿಸಲು ಬರುತ್ತಾಳಂತೆ. ಆ ಮನೆಗೆ ಹೋದಾಗ ನಾನು ಆ ಗೋಡೆಗೆ ಬೆನ್ನು ಕೊಟ್ಟು ಕುಳಿತು ಚಹಾ ಕುಡಿದು ಬರುತ್ತೇನೆ. ಅವು ಯಾರ ಕಣ್ಣೋ ನನಗೆ ಗೊತ್ತಿಲ್ಲ. ಅತ್ತಿಯ ಕಣ್ಣು ಹೇಗಿದ್ದವು ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.